ಎದೆಯೊಳಗಿನ ಕಳ್ಳದಾರಿ

ಹೆದರಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹೆದರಿಕೆ ಆಗಿಯೇ ಆಗುತ್ತದೆ. ನನಗೆ ಆಯಿತು, ಈಗಲೂ ಆಗುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು 'ನನಗೊಬ್ಬಳಿಗೇ ಯಾಕೆ ಹೀಗೆ' ಎಂದು ಗೋಡೆ ನೋಡುವವರು ಯಾರಾದರೂ ಇದ್ದರೆ, ಅದೇ ಬೆಂಚಿನ ಮೇಲೆ ತಮಗಿಂತ ಮೊದಲು ಒಬ್ಬ ಮುದುಕಿ ಕೂತು ಎದ್ದು ಹೋಗಿದ್ದಾಳೆ ಎಂದು ಅವರಿಗೆ ತಿಳಿಯಲಿ. ಅಷ್ಟಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಮ್ಮದು ಗದಗಿನ ಕಡೆ. ಇವರು, ಅಂದರೆ ನಮ್ಮ ಯಜಮಾನರು, ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದ ಮೇಲೆ ನಾವಿಬ್ಬರೂ ಮಗ ಶೀನನ ಹತ್ತಿರ ವಡೋದರಾಕ್ಕೆ ಬಂದೆವು. ಶೀನನಿಗೆ ಬ್ಯಾಂಕಿನಲ್ಲಿ ಕೆಲಸ, ಗೋರ್ವಾದಲ್ಲಿ ಮನೆ. ಸೊಸೆ ಸುಧಾ, ಮೊಮ್ಮಗಳು ಪಲ್ಲವಿ. ಹುಡುಗಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲುಭಾಗ ಗುಜರಾತಿ. ಇಲ್ಲಿಯವರು ಮುದುಕಿಯರನ್ನೆಲ್ಲ 'ಬಾ' ಎನ್ನುತ್ತಾರೆ. ಬಂದ ಹೊಸದರಲ್ಲಿ ಯಾರಾದರೂ ಹಾಗೆ ಅಂದರೆ ನಾನು ಎದ್ದು ಅವರ ಹತ್ತಿರ ಹೋಗುತ್ತಿದ್ದೆ.

ನನಗೆ ಚಿಕ್ಕಂದಿನಿಂದಲೂ ಎದೆ ಓಡುತ್ತಿತ್ತು. ಸುಮ್ಮನೆ ಕೂತಿರುವಾಗ, ರೊಟ್ಟಿ ಬಡಿಯುವಾಗ, ಒಮ್ಮೆಲೇ ಒಳಗೆ ಗುಬ್ಬಿ ಹೊಕ್ಕಂತೆ ಪಟಪಟ ಶುರುವಾಗುವುದು. ಕಣ್ಣು ಮಬ್ಬಾಗುವುದು. ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿಹಿಡಿದರೆ ಸ್ವಲ್ಪ ಹೊತ್ತಿಗೆ ಬಂದಂತೆಯೇ ಒಮ್ಮೆಲೇ ನಿಲ್ಲುವುದು. ಎಲ್ಲ ಹೆಂಗಸರಿಗೂ ಹೀಗೇ ಆಗುತ್ತದೆ ಎಂದುಕೊಂಡಿದ್ದೆ. ಯಾರೂ ಹೇಳಿಕೊಳ್ಳುವುದಿಲ್ಲ, ಹಾಗೆಯೇ ನಾನೂ ಹೇಳಿಕೊಳ್ಳಲಿಲ್ಲ.

ತವರಿನಲ್ಲಿ ನನ್ನ ಸೋದರತ್ತೆ ದೇವರಿಗೆ ಹೂ ಏರಿಸುತ್ತಾ ಏರಿಸುತ್ತಾ ಬಿದ್ದು ಸತ್ತಳು. ನನ್ನ ತಮ್ಮ, ಇನ್ನೂ ಹೆಣ್ಣು ನೋಡುತ್ತಿದ್ದ ವಯಸ್ಸು, ತುಂಬಿದ ಕೊಡ ಹೊತ್ತುಕೊಂಡು ಬಂದವನು ಹಿತ್ತಲ ಬಾಗಿಲಲ್ಲಿ ಬಿದ್ದ. ಎತ್ತುವಷ್ಟರಲ್ಲಿ ಅವನಿರಲಿಲ್ಲ. ಊರವರು ಗಾಳಿ ಸೋಕಿತು ಎಂದರು. ಅಪ್ಪ ಹಣೆಬರಹ ಎಂದರು. ಎದೆ ಎಂದು ಯಾರೂ ಅನ್ನಲಿಲ್ಲ.

ನಾನು ಬಿದ್ದದ್ದು ಗೋರ್ವಾದಲ್ಲಿ, ಮೇಥಿ ಸೊಪ್ಪಿನ ಗಾಡಿಯ ಮುಂದೆ. ಎಚ್ಚರವಾದಾಗ ತಲೆಯಡಿ ಗಾಡಿಯವನ ಗೋಣಿಚೀಲ, ಸುತ್ತ ಜನ. ಶೀನ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎದೆಗೆ ತಂತಿ ಹಚ್ಚಿ ಕಾಗದದ ಮೇಲೆ ಗೆರೆ ತೆಗೆದರು. ಡಾಕ್ಟರು ಆ ಕಾಗದವನ್ನು ಬಹಳ ಹೊತ್ತು ನೋಡಿ, ಮನೆತನದಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದರು.

ಶೀನ ನನ್ನ ಮೊಳಕೈ ಹಿಡಿದ. "ಅವ್ವಾ, ಅದೆಲ್ಲಾ ಈಗ್ಯಾಕ?"

ನಮ್ಮ ಜನ ಹೀಗೇ. ಮನೆಯಲ್ಲಿ ಇಂಥ ಸಾವು ಆಗಿದೆ ಎಂದು ಹೊರಗೆ ಗೊತ್ತಾದರೆ ನಾಳೆ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ. "ಯಾಕಂದ್ರ ಅವರು ಕೇಳ್ಲಿಕ್ಕತ್ತಾರ," ಎಂದೆ. ಸೋದರತ್ತೆ, ತಮ್ಮ, ಇಬ್ಬರನ್ನೂ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟು, ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಎಂದರು. ಮರುದಿನ ಶೀನನ ಎದೆಗೂ ಪಲ್ಲವಿಯ ಎದೆಗೂ ತಂತಿ ಹಚ್ಚಿದರು. ಶೀನನದು ಸರಿ ಇತ್ತು. ಪಲ್ಲವಿಯ ಕಾಗದ ತಂದು ನನ್ನ ಕಾಗದದ ಪಕ್ಕ ಇಟ್ಟರು. ನನ್ನಂಥ ನಾಲ್ಕನೇ ಇಯತ್ತೆಯವಳಿಗೂ ಕಾಣಿಸಿತು, ಎರಡೂ ಒಂದೇ ಕೈಯ ಅಕ್ಷರ. ರೋಗ ನಡುವಿನ ಮನೆ ಬಿಟ್ಟು ಮುಂದಿನ ಮನೆ ಹೊಕ್ಕಿತ್ತು.

"ನನಗೂ ಹಂಗ ಆಗ್ತದ ಅಜ್ಜಿ," ಎಂದಳು ಹುಡುಗಿ, ಸಲ್ವಾರಿನ ದುಪಟ್ಟಾ ಸರಿಮಾಡಿಕೊಳ್ಳುತ್ತಾ. "ಪಿಟಿ ಪೀರಿಯಡ್‌ನಾಗ. ಒಮ್ಮೆ ಗ್ರೌಂಡ್‌ನಾಗ ಗಿರ್ ಗಯೀ ಥೀ. ಎಲ್ಲಾರಿಗೂ ಆಗ್ತದ ಅಂತ ಅನ್ಕೊಂಡಿದ್ದೆ."

ಗಾಡಿಯ ಮುಂದೆ ಬಿದ್ದಾಗ ನನಗೆ ಹೆದರಿಕೆ ಆಗಿರಲಿಲ್ಲ. ಆ ಮಾತು ಕೇಳಿದಾಗ ಆಯಿತು.

ಡಾಕ್ಟರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಎದೆಯಲ್ಲಿ ಕರೆಂಟು ಓಡಾಡಲು ದೇವರು ಒಂದು ದಾರಿ ಇಟ್ಟಿದ್ದಾನೆ. ನಮ್ಮ ಮನೆತನದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿ ಇದೆ. ಒಮ್ಮೊಮ್ಮೆ ಕರೆಂಟು ಒಂದರಿಂದ ಹೋಗಿ ಇನ್ನೊಂದರಿಂದ ಬಂದು ಸುತ್ತು ಹಾಕುತ್ತದೆ. ಯಾವತ್ತಾದರೂ ಆ ಓಟ ಕೈಮೀರಿದರೆ ನನ್ನ ತಮ್ಮನಿಗೆ ಆದದ್ದೇ ಆಗುತ್ತದೆ. ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಮುಂಬೈಯಿಂದ ಒಬ್ಬ ಡಾಕ್ಟರು ಆಗಾಗ ತಮ್ಮ ಯಂತ್ರ ತರುತ್ತಾರೆ. ತೊಡೆಯ ನರದೊಳಗಿಂದ ಎದೆಯವರೆಗೆ ತಂತಿ ತೂರಿಸಿ ಆ ದಾರಿ ಎಲ್ಲಿದೆ ಎಂದು ಹುಡುಕಿ, ಸಿಕ್ಕರೆ ಅಲ್ಲೇ ಸುಡುತ್ತಾರೆ. ಅಲ್ಲಿಯವರೆಗೆ ಎಂದು ನನಗೊಂದು ಬಿಳಿ ಮಾತ್ರೆ ಬರೆದುಕೊಟ್ಟರು, ಹುಡುಗಿಗೂ ಅದೇ.

ಮಾತ್ರೆಯಿಂದ ಎದೆ ಸುಮ್ಮನಾಯಿತು, ಮನೆ ಸುಮ್ಮನಾಗಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಹೆಸರುಬೇಳೆ ಆರಿಸುತ್ತಾ ಸುಧಾ ನನ್ನ ಮುಖ ನೋಡದೆ ಹೇಳಿದಳು, "ಅತ್ಯಾ, ತಪ್ಪು ತಿಳ್ಕೋಬ್ಯಾಡ್ರಿ. ಎಳೇ ಹುಡುಗಿ ಎದಿಯೊಳಗ ತಂತಿ ಹಾಕಿ ಸುಡ್ತಾರಂದ್ರ ನನ್ನ ಕೈಲೆ ಆಗೂದಿಲ್ಲ. ನಾ ಕಳಸೂದಿಲ್ಲ."

"ಹಂಗಾರ ನಾ ಮೊದಲ ಹೋಗ್ತೀನಿ," ಎಂದೆ.

ಅವಳು ಬೇಳೆ ಬಿಟ್ಟು ನನ್ನ ಕಡೆ ನೋಡಿದಳು.

"ಹೊಳಿ ಎಷ್ಟು ಆಳ ಅದ ಅಂತ ಮುದುಕಿ ಇಳದು ನೋಡ್ಲಿ. ನಾ ದಂಡಿ ಮುಟ್ಟಿದ್ರ ಆಕಿನ್ನ ಕಳಸು. ಮುಳುಗಿದ್ರ ಬ್ಯಾಡ."

ಅವಳು ಮತ್ತೆ ಬೇಳೆ ಆರಿಸತೊಡಗಿದಳು. ಆದರೆ ಆ ಹೊತ್ತಿನಿಂದ ನನ್ನ ಹೆದರಿಕೆ ಬೇರೆಯಾಯಿತು. ನಾನು ಸಾಯುವುದೇನು, ಎಂದಾದರೂ ಸಾಯಲೇಬೇಕು. ಆದರೆ ಆ ಮೇಜಿನ ಮೇಲೆ ಸತ್ತರೆ ಹುಡುಗಿಯನ್ನು ಯಾರೂ ಅಲ್ಲಿಗೆ ಕರೆದೊಯ್ಯುವುದಿಲ್ಲ. ಅವಳು ತನ್ನ ಕಳ್ಳದಾರಿ ಇಟ್ಟುಕೊಂಡು ಯಾವ ಗ್ರೌಂಡಿನಲ್ಲೋ, ಯಾವ ಬಾಗಿಲಲ್ಲೋ ಬೀಳುತ್ತಾಳೆ.

ಅಹಮದಾಬಾದಿನವರು ಒಂದು ಷರತ್ತು ಹಾಕಿದರು. ತಂತಿ ಹಾಕುವ ಮೊದಲು ಕೆಲವು ದಿನ ಮಾತ್ರೆ ಪೂರಾ ಬಿಡಬೇಕು. ಮಾತ್ರೆ ಒಳಗಿದ್ದರೆ ಕಳ್ಳದಾರಿ ಮಲಗಿರುತ್ತದೆ, ಮಲಗಿದ್ದನ್ನು ಹುಡುಕಲು ಬರುವುದಿಲ್ಲ. ಮಾತ್ರೆ ಬಿಟ್ಟಾಗ ಏನಾದರೂ ಆದರೆ ಆಸ್ಪತ್ರೆ ಹತ್ತಿರ ಇರಬೇಕು. ಅದಕ್ಕೆ ಶೀನನ ಗೆಳೆಯರೊಬ್ಬರು ಅಲ್ಲಿಯ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿದ್ದ ತಮ್ಮ ಖಾಲಿ ಫ್ಲಾಟಿನ ಕೀಲಿ ಕೊಟ್ಟರು. ನಾನೂ ಇವರೂ ಅಲ್ಲಿಗೆ ಹೋದೆವು. ಒಂದು ಕಾಟು, ಒಂದು ಗ್ಯಾಸಿನ ಒಲೆ, ಒಂದು ಚಾಪೆ. ಇವರು ಬಟ್ಟೆಗಿಂತ ಮೊದಲು ದೇವರ ಸಂಪುಟ ಬಿಚ್ಚಿ ಒಂದು ಮೂಲೆಯಲ್ಲಿ ಮಣೆ ಹಾಕಿ ಸಾಲಿಗ್ರಾಮ ಇಟ್ಟರು.

ಮಾತ್ರೆ ಇಲ್ಲದ ಆ ದಿನಗಳನ್ನು ಹೇಗೆ ಹೇಳಲಿ? ಮನೆಗೆ ಕಳ್ಳ ಬರುತ್ತಾನೆಂದು ಗೊತ್ತಿದ್ದು, ಅವನನ್ನು ಹಿಡಿಯಲೆಂದೇ ಬಾಗಿಲು ತೆರೆದಿಟ್ಟು ಕೂತಂತೆ. ಕೆಳಗೆ ಆಟೋ ಹಾರ್ನು ಹೊಡೆದರೆ ಎದೆಗೆ ಕೈ ಹೋಗುತ್ತಿತ್ತು. ನಾನು ಕೆಮ್ಮಿದರೆ ಇವರು ಪೇಪರು ಕೆಳಗಿಡುತ್ತಿದ್ದರು.

"ಏನಾತು?"

"ಕೆಮ್ಮು ಬಂತು."

"ಬರೇ ಕೆಮ್ಮೇನು?"

"ಬರೇ ಕೆಮ್ಮ. ಪೇಪರ್ ಓದ್ರಿ."

ಅವರು ಓದುತ್ತಿರಲಿಲ್ಲ. ಪೇಪರಿನ ಮೇಲಂಚಿನಿಂದ ನನ್ನ ಕುತ್ತಿಗೆ ನೋಡುತ್ತಿದ್ದರು.

ಬೆಳಿಗ್ಗೆ ಸ್ನಾನವಾದ ಮೇಲೆ ಇವರ ಪೂಜೆ. ಪೂಜೆಯಾದ ಮೇಲೆ ನನಗೆ ಮೂರು ಸಲ ತೀರ್ಥ. ಮದುವೆಯಾದಾಗಿನಿಂದ ಇದು ತಪ್ಪಿಲ್ಲ. ತೀರ್ಥ ತೆಗೆದುಕೊಳ್ಳದೆ ನಾನು ಚಹಾ ಸಹ ಮುಟ್ಟುವವಳಲ್ಲ. ತಂತಿ ಹಾಕುವ ದಿನ ಬೆಳಿಗ್ಗೆ ಹೊಟ್ಟೆಗೆ ಹನಿ ನೀರೂ ಹಾಕಬೇಡಿ ಎಂದು ನರ್ಸು ಹೇಳಿದ್ದಳು. ತೀರ್ಥ ಹೊಟ್ಟೆಗೆ ಹಾಕುವ ನೀರಲ್ಲ, ಅದರ ಲೆಕ್ಕವೇ ಬೇರೆ. ಇವರು ಉದ್ಧರಣೆಯಿಂದ ಅಂಗೈಗೆ ಬಿಟ್ಟರು, ನಾನು ತೆಗೆದುಕೊಂಡೆ. ಕಹಿ ಇತ್ತು. ಆ ವಾರವೆಲ್ಲ ಕಹಿಯೇ ಇತ್ತು. ಈ ಊರಿನ ನೀರೇ ಹೀಗಿರಬೇಕು ಎಂದುಕೊಂಡೆ.

ಆಸ್ಪತ್ರೆಯಲ್ಲಿ ಹೆಸರು ಕರೆಯುವವರೆಗೆ ಕೂರುವ ಹಾಲಿನಲ್ಲಿ ಸೂರತ್ತಿನ ಒಬ್ಬ ಹೆಂಗಸು ನಮ್ಮ ಪಕ್ಕ ಕೂತಿದ್ದಳು. ಹೆಸರು ಕೋಕಿಲಾಬೆನ್. ಅವಳ ಗಂಡನಿಗೆ ಹಜೀರಾದ ಕಾರ್ಖಾನೆಯಲ್ಲಿ ಕೆಲಸ, ಅವನಿಗೂ ಎದೆಯದೇ ತೊಂದರೆ. ನಾನು ಸೆರಗಿನ ತುದಿ ಹಿಂಡುತ್ತಿದ್ದುದನ್ನು ನೋಡಿ, "ಡರ್ ಲಗ್ತಾ ಹೈ, ಬಾ?" ಎಂದಳು, ಹೆದರಿಕೆಯೇ ಎಂದು.

"ಲಗ್ತಾ ಹೈ," ಎಂದೆ.

"ಮುಝೆ ಭೀ," ತನಗೂ ಅಷ್ಟೇ ಎಂದು ತನ್ನ ಚೀಲದಿಂದ ನೀಲಗಿರಿ ಎಣ್ಣೆ ಹಚ್ಚಿದ ಕರವಸ್ತ್ರ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಧೈರ್ಯದ ಮಾತು ಹೇಳಲಿಲ್ಲ. ಅದು ನನಗೆ ಹಿತವಾಯಿತು.

ಒಳಗೆ ಚಳಿ. ಹಸಿರು ಬಟ್ಟೆಯವರು, ಟಿವಿಯಂಥ ಪರದೆಗಳು. ಮಲಗಿಸಿ ಕೈ ಕಟ್ಟಿದರು. ನಿದ್ದೆ ಬರಿಸಲಿಲ್ಲ. ತೊಡೆಯ ಸಂದಿಗೆ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ನೋವಿರಲಿಲ್ಲ, ಒಳಗೆ ಯಾರೋ ಓಡಾಡುತ್ತಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಅಪರಿಚಿತರು ನಮ್ಮ ಮನೆಯ ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಹೊಕ್ಕಂತೆ. ಮುಂಬೈ ಡಾಕ್ಟರು ತಂತಿಯಿಂದ ನನ್ನ ಎದೆಯನ್ನು ಓಡಿಸಿದರು. ಅವರು ಓಡು ಎಂದರೆ ಓಡಿತು, ಬಿಟ್ಟರೆ ಬಿಟ್ಟಿತು.

"ಮಾಜೀ, ವೈಸಾ ಹೋ ರಹಾ ಹೈ, ಜೈಸಾ ಘರ್ ಮೇ ಹೋತಾ ಹೈ?" ಎಂದರು, ಮನೆಯಲ್ಲಿ ಆಗುವ ಹಾಗೆಯೇ ಆಗುತ್ತಿದೆಯೇ ಎಂದು.

"ನಹೀ," ಎಂದೆ.

ಮತ್ತೆ ಓಡಿಸಿದರು, ಮತ್ತೆ ಕೇಳಿದರು. ನಹೀ. ಸುಳ್ಳಾದರೂ ಹೌದು ಎನ್ನೋಣ ಎನಿಸಿತು. ಕಳ್ಳ ಮಲಗಿಬಿಟ್ಟಿದ್ದ. ಕೊನೆಗೆ ಅವರು ಅಹಮದಾಬಾದಿನ ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಹತ್ತಿರ ಬಗ್ಗಿ, "ಗೋಲಿ ಬಂದ್ ಕೀ ಥೀ ನಾ?" ಎಂದರು. ಮಾತ್ರೆ ಪೂರಾ ಬಿಟ್ಟಿದ್ದೇನೆ ಎಂದೆ. ಅವರು ತಂತಿ ಹೊರಗೆ ತೆಗೆದರು.

ಹೊರಗೆ ಇವರೂ ಬೆಳಿಗ್ಗೆಯೇ ವಡೋದರಾದಿಂದ ಬಂದಿದ್ದ ಶೀನನೂ ಎದ್ದು ನಿಂತಿದ್ದರು. ಕೋಕಿಲಾಬೆನ್ನೂ ನಿಂತಿದ್ದಳು. ನನ್ನ ಗಾಲಿಮಂಚವನ್ನು ಬಾಗಿಲಲ್ಲಿ ನಿಲ್ಲಿಸಿ ಡಾಕ್ಟರು, ಏನೂ ಸಿಗಲಿಲ್ಲ, ಮೈಯಲ್ಲಿ ಇನ್ನೂ ಔಷಧ ಇರುವಂತೆ ಕಾಣುತ್ತದೆ, ಎಂದರು. ಏನೂ ಸಿಗಲಿಲ್ಲ ಎಂದಾಗ ಇವರ ಮುಖ ಅರಳಿತು. ಔಷಧ ಎಂದಾಗ ಬಿಳಿಚಿತು.

ಇವರು ಕೋಟಿನ ಗುಂಡಿ ಹಾಕಿಕೊಂಡರು. ರೈಲ್ವೆಯಲ್ಲಿ ಸಾಹೇಬರ ಮುಂದೆ ನಿಲ್ಲುವಾಗ ಹೀಗೆ ಹಾಕಿಕೊಳ್ಳುತ್ತಿದ್ದರು. "ನಾ ಕೊಟ್ಟೇನಿ," ಎಂದರು.

"ಏನ ಕೊಟ್ರಿ ಅಪ್ಪಾ?" ಎಂದ ಶೀನ.

"ಮಾತ್ರಿ. ಅರದು ತೀರ್ಥದಾಗ ಹಾಕಿ ಕೊಟ್ಟೇನಿ. ದಿನಾ."

ಡಾಕ್ಟರಿಗೆ ತಿಳಿಯಲಿಲ್ಲ. ಶೀನ ತಲೆ ತಗ್ಗಿಸಿ, 'ಚರಣಾಮೃತ ಮೇ' ಎಂದ. ಕೋಕಿಲಾಬೆನ್ 'ಹಾಯ್ ಹಾಯ್' ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ನನಗೆ ತಿಳಿಯಲಿಲ್ಲ.

"ಅಪ್ಪಾ, ಅವರು ಎಷ್ಟು ಸಲ ಹೇಳಿದ್ರು! ನೀವು ಓದಿದವರು!" ಶೀನನ ಧ್ವನಿ ಹಾಲಿಗೆಲ್ಲ ಕೇಳಿಸಿತು.

"ಬಿಟ್ರ ಸಾಯ್ತಾಳ ಅನಿಸ್ತಪಾ," ಎಂದರು ಇವರು. "ಮಾತ್ರಿ ಅಂದ್ರ ಆಕಿ ಒಲ್ಲೆ ಅಂತಿದ್ಲು. ತೀರ್ಥಕ್ಕ ಆಕಿ ಒಲ್ಲೆ ಅನ್ನೂದಿಲ್ಲ."

ಕೆಂಪು ದೀಪ ಇದ್ದಾಗ ಮಂತ್ರಿಯ ಗಾಡಿಯನ್ನೂ ಬಿಡದ ಮನುಷ್ಯ. ನಾನು ಮಲಗಿದಲ್ಲಿಂದಲೇ ಹೇಳಿದೆ, "ದೇವರ ಹೆಸರಿಲೆ ಮೋಸ ಮಾಡಿದ್ರಿ. ಹೋಗ್ಲಿ. ಇನ್ನೊಮ್ಮೆ ತೊಡಿ ಚುಚ್ಚಿಸ್ಕೋಬೇಕಾತಲ್ಲ, ಅದು ನನ್ನ ತೊಡಿ."

ಸಿಟ್ಟು ಬಂದಿತ್ತು. ಆದರೆ ನಿಜವಾದ ಕಷ್ಟ ವಡೋದರಾದಲ್ಲಿತ್ತು. ಎಸ್‌ಟಿಡಿ ಬೂತಿನಿಂದ ಶೀನ ಫೋನು ಮಾಡಿ ಹೇಳಿದಾಗ ಸುಧಾ ಹೇಳಿದಳಂತೆ, "ಒಮ್ಮೆ ಒಳಗ ಹೋಗಿ ಹುಡುಕಿ ಏನೂ ಸಿಗಲಿಲ್ಲ ಅಂದ್ರ ಅವರಿಗೆ ಬರೂದಿಲ್ಲ ಅಂತ ಅರ್ಥ. ನನ್ನ ಮಗಳನ್ನ ಕಳಸೂದಿಲ್ಲ." ತೀರ್ಥದ ಮಾತು ಹೇಳಿದರೂ ಅವಳು ನಂಬಲಿಲ್ಲ, ಮಾವನವರು ಡಾಕ್ಟರ ಮಾನ ಉಳಿಸಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡಳು. ಸ್ಟೇಷನ್ ಮಾಸ್ತರರು ಕಾನೂನು ಮುರಿದರು ಎಂದರೆ ಯಾರು ನಂಬುತ್ತಾರೆ?

ವಡೋದರಾಕ್ಕೆ ಮರಳಿ ನಾನು ಮಾತ್ರೆ ಮತ್ತೆ ಶುರುಮಾಡಿದೆ. ಮುಂಬೈ ಡಾಕ್ಟರು ಮತ್ತೆ ಬರುವವರೆಗೆ ಕಾಯಬೇಕಿತ್ತು. ಆ ನಡುವೆ ಒಂದು ದಿನ ಪಲ್ಲವಿ ಶಾಲೆಯಿಂದ ಗೆಳತಿಯ ಭುಜ ಹಿಡಿದುಕೊಂಡು ಬಂದಳು. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟಿತ್ತಂತೆ. ಮೊಣಕಾಲು ಒಡೆದಿತ್ತು. ಸುಧಾ ಒಮ್ಮೆ ತೊಳೆದ ಗಾಯವನ್ನೇ ಮತ್ತೆ ಮತ್ತೆ ತೊಳೆದಳು. ನಾನು ನೋಡಿದೆ. ಅವಳೂ ನೋಡಿದಳು ನಾನು ನೋಡಿದ್ದನ್ನು.

ಎರಡನೆಯ ಸಲ ಸ್ಯಾಟಲೈಟಿಗೆ ಹೋಗುವಾಗ ಇವರು ತಾವಾಗಿಯೇ ದೇವರ ಸಂಪುಟವನ್ನು ಶೀನನ ಕೈಗೆ ಕೊಟ್ಟರು. "ನೀ ಮಾಡು ಪೂಜಿ. ನಾ ಬಂದ ಮ್ಯಾಲೆ ನೋಡೋಣು," ಎಂದರು. ಆ ಫ್ಲಾಟಿನಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಏನು ಮಾಡಬೇಕೆಂದು ತಿಳಿಯದೆ ಇವರು ಖಾಲಿ ಮೂಲೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ನಾನು ಚಹಾ ಮಾಡಿ ಕೊಡುತ್ತಿದ್ದೆ. ಇಬ್ಬರೂ ತೀರ್ಥವಿಲ್ಲದೆ ಕುಡಿಯುತ್ತಿದ್ದೆವು, ಕದ್ದು ಕುಡಿದಂತೆ.

ಈ ಸಲ ಕಳ್ಳ ಬಂದ. ಮಧ್ಯಾಹ್ನ, ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಗುಬ್ಬಿಯಲ್ಲ, ಈ ಸಲ ಮಗ್ಗದ ಲಾಳಿ ಓಡಿದಂತೆ. ಕುತ್ತಿಗೆಯಲ್ಲಿ, ಕಿವಿಯಲ್ಲಿ, ಹಲ್ಲಿನ ಬುಡದಲ್ಲಿ ಓಡಿತು. ಕುಕ್ಕರುಗಾಲಲ್ಲಿ ಕೂತೆ, ಉಸಿರು ಹಿಡಿದೆ, ನಿಲ್ಲಲಿಲ್ಲ. ನೆಲದ ಕಲ್ಲುಗಳು ಬೂದಿ ಬಣ್ಣಕ್ಕೆ ತಿರುಗಿದವು. ತಮ್ಮ ಹಿತ್ತಲ ಬಾಗಿಲಲ್ಲಿ ಇದನ್ನೇ ಕಂಡಿರಬೇಕು ಎನಿಸಿತು. ಅವನಿಗೆ ಕೂಗಲೂ ಪುರುಸೊತ್ತು ಸಿಕ್ಕಿರಲಿಲ್ಲ.

ಇವರು ಮಾತ್ರೆಯ ಬಾಟಲಿ ಹಿಡಿದು ಮುಂದೆ ನಿಂತಿದ್ದರು. "ಒಂದ ತೊಗೋ. ಒಂದ. ಯಾರಿಗೂ ಹೇಳೂದಿಲ್ಲ."

"ಬ್ಯಾಡ."

"ನಿನ್ನ ಕೈ ಮುಗೀತೀನಿ."

"ಆ ಬಾಟ್ಲಿ ನನ್ನ ಕಣ್ಣ ಮುಂದಿಂದ ತೆಗೀರಿ. ಇಲ್ಲಾಂದ್ರ ತೊಗೊಂಡು ಬಿಡ್ತೀನಿ."

ಅವರು ಬಾಲ್ಕನಿಗೆ ಹೋಗಿ ಬಾಟಲಿಯನ್ನು ಕೆಳಗೆ ಎಸೆದರು. ಆಮೇಲೆ ಒಳಗೆ ಬಂದು ಕೊಡದ ತಣ್ಣೀರನ್ನು ನನ್ನ ಮುಖಕ್ಕೆ ಸುರಿದರು. ಉಸಿರು ಕಟ್ಟಿತು. ಎದೆ ಒಮ್ಮೆ ನಿಂತಿತು, ಪೂರಾ ನಿಂತಿತು, ಇಷ್ಟೇ ಎಂದುಕೊಂಡೆ. ಮರುಕ್ಷಣ ಮೆಲ್ಲಗೆ ನಡೆಯತೊಡಗಿತು. ಇಬ್ಬರೂ ಒದ್ದೆಯಾಗಿ ನೆಲದ ಮೇಲೆ ಕೂತಿದ್ದೆವು. ಬಾಗಿಲು ಬಡಿದ ಸದ್ದು. ಸೊಸಾಯಿಟಿಯ ವಾಚ್‌ಮನ್. "ಕಾಕಾ, ಯೇ ಆಪ್ಕಾ ಹೈ? ಊಪರ್ ಸೇ ಗಿರಾ," ಎಂದು ಬಾಟಲಿ ಹಿಡಿದು ನಿಂತಿದ್ದ. ನಮ್ಮ ಅವತಾರ ನೋಡಿ ಹೆಚ್ಚು ಕೇಳದೆ ಹೋದ. ಆ ಬಾಟಲಿಯನ್ನು ನಾನು ಅಕ್ಕಿಯ ಡಬ್ಬಿಯೊಳಗಿಟ್ಟು ಅದರ ಮೇಲೆ ಕೂತೆ. ಇವರು ಮತ್ತೆ ಕೇಳಲಿಲ್ಲ.

ಎರಡನೆಯ ಸಲ ಮೇಜಿನ ಮೇಲೆ ಮಲಗಿದಾಗ ಡಾಕ್ಟರು ಓಡು ಎನ್ನುವ ಮೊದಲೇ ಅದು ಓಡಿತು. "ವೈಸಾ ಹೀ?" ಎಂದರು. "ವೈಸಾ ಹೀ, ವೈಸಾ ಹೀ!" ಎಂದು ನಾನು ಕೂಗಿದೆ. ಎಲ್ಲರೂ ಪರದೆಗಳ ಕಡೆ ತಿರುಗಿದರು. ನನ್ನ ಕಡೆ ಯಾರೂ ನೋಡಲಿಲ್ಲ, ನೋಡದಿದ್ದುದೇ ಒಳ್ಳೆಯದಾಯಿತು. ತಂತಿಯ ತುದಿ ಒಂದೊಂದೇ ಜಾಗ ಮುಟ್ಟುತ್ತಾ ಹೋಯಿತು. ಒಬ್ಬರು ಅಂಕಿ ಓದುತ್ತಿದ್ದರು, ಮುಂಬೈ ಡಾಕ್ಟರು ಇಲ್ಲ, ಇಲ್ಲ, ಸ್ವಲ್ಪ ಹಿಂದೆ, ಇಲ್ಲ ಎನ್ನುತ್ತಿದ್ದರು. ಕತ್ತಲ ಗೋಡೆಯಲ್ಲಿ ಸ್ವಿಚ್ಚು ತಡಕಿದಂತೆ. ನನ್ನ ಎದೆ ಓಡುತ್ತಲೇ ಇತ್ತು. ಇಷ್ಟು ಹೊತ್ತು ಓಡಿ ಬದುಕಿದವರಿದ್ದಾರೆಯೇ ಎಂದು ಕೇಳಬೇಕೆನಿಸಿತು, ಕೇಳಲು ಉಸಿರಿರಲಿಲ್ಲ. ಕಣ್ಣು ಮುಚ್ಚಿದರೆ ಹಿತ್ತಲ ಬಾಗಿಲು ಕಾಣುತ್ತಿತ್ತು, ಅದಕ್ಕೆ ಮುಚ್ಚಲಿಲ್ಲ. ಚಾವಣಿಯ ದೀಪ ನೋಡುತ್ತಾ, ನಾನು ಈಗ ಸಾಯಬಾರದು, ನಾಳೆ ಸತ್ತರೆ ನಡೆದೀತು, ಎಂದು ದೇವರಿಗೆ ಸ್ಪಷ್ಟವಾಗಿ ಹೇಳಿದೆ.

"ಯಹಾ," ಎಂದರು ಡಾಕ್ಟರು. ಕಳ್ಳ ಅಲ್ಲಿದ್ದ.

ದವಡೆಯ ಕೆಳಗೆ, ಹೆಗಲಿನ ಒಳಗೆ ಒಂದು ಉರಿ ಎದ್ದಿತು. ಹಸಿಮೆಣಸು ಅರೆದ ಕೈಯನ್ನು ಗಾಯಕ್ಕೆ ಇಟ್ಟಂತೆ. ನಾನು ಅಯ್ಯೋ ಎನ್ನುವಷ್ಟರಲ್ಲಿ ಓಟ ನಿಂತಿತು. ಮದುವೆಮನೆಯಿಂದ ನೆಂಟರೆಲ್ಲ ಹೋದ ಮೇಲಿನ ಅಂಗಳದ ಹಾಗೆ ಎದೆ ಖಾಲಿಯಾಯಿತು. ಅವರು ಮತ್ತೆ ಮತ್ತೆ ಅದನ್ನು ಕೆಣಕಿದರು, ಎಬ್ಬಿಸಲು ನೋಡಿದರು. ಏಳಲಿಲ್ಲ. ಅಷ್ಟು ಹೊತ್ತೂ ನಾನು ಹೆದರಿಕೊಂಡೇ ಇದ್ದೆ. ಇಷ್ಟು ವರ್ಷ ಜೊತೆಗಿದ್ದದ್ದು ಹೇಳದೆ ಕೇಳದೆ ಹೋದೀತೇ?

ಹೋಗಿತ್ತು. ಈಗಲೂ ಬಂದಿಲ್ಲ.

ಮನೆಗೆ ಹೋದ ದಿನ ಸುಧಾ ನನ್ನ ಎದೆಯ ಮೇಲೆ ಕಿವಿಯಿಟ್ಟು ಕೇಳಿದಳು. ಹದಿನೆಂಟು ವರ್ಷದ ಸೊಸೆತನದಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಎದ್ದು ಶೀನನಿಗೆ ಹೇಳಿದಳು, "ಪರೀಕ್ಷಿ ಮುಗದ ಮ್ಯಾಲೆ ಪಲ್ಲವಿದೂ ಮಾಡ್ಸೋಣು."

ಅವಳ ಸಲ ನಾನು ಹೊರಗೆ ಬೆಂಚಿನಲ್ಲಿದ್ದೆ. ಒಳಗೆ ಮಲಗುವುದಕ್ಕಿಂತ ಇದು ಕಷ್ಟ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಳಗಿದ್ದಾಗ ಪ್ರತಿ ಕ್ಷಣವೂ ಗೊತ್ತಾಗುತ್ತದೆ, ಹೊರಗೆ ಬಾಗಿಲು ಮಾತ್ರ ಗೊತ್ತಾಗುತ್ತದೆ. ಸುಧಾ ನನ್ನ ಕೈ ಹಿಡಿದಿದ್ದಳು. ಹಿಡಿದದ್ದು ಪ್ರೀತಿಗೋ, ನೀವೇ ಕಳಿಸಿದಿರಿ ಎಂಬುದಕ್ಕೋ, ನಾನು ವಿಚಾರಿಸಲಿಲ್ಲ.

ಮುಂಬೈ ಡಾಕ್ಟರು ಟೋಪಿ ತೆಗೆಯುತ್ತಾ ಬಂದರು. ಶೀನ ಅವರ ಇಂಗ್ಲಿಷನ್ನು ನಮಗೆ ಹೇಳಿದ. ದಾರಿ ಸಿಕ್ಕಿದೆ. ಆದರೆ ದೇವರು ಇಟ್ಟ ಒಳ್ಳೆಯ ದಾರಿಗೆ ಅದು ಅಂಟಿಕೊಂಡಿದೆ. ಸುಡಲು ಹೋದರೆ ಒಳ್ಳೆಯದೂ ಸುಟ್ಟೀತು, ಆಮೇಲೆ ಜೀವಮಾನವೆಲ್ಲ ಎದೆಯಲ್ಲಿ ಯಂತ್ರ ಇಟ್ಟುಕೊಂಡೇ ಇರಬೇಕಾಗುತ್ತದೆ. ಅದಕ್ಕೆ ಮುಟ್ಟಿಲ್ಲ. ಅಳೆದು ನೋಡಿದ್ದಾರೆ, ಅವಳ ದಾರಿ ಅಜ್ಜಿಯದರಷ್ಟು ಜೋರಾಗಿ ಓಡುವಂಥದ್ದಲ್ಲ. ಬೇರೆ ಮಾತ್ರೆ ಕೊಡುತ್ತಾರೆ. ಖಾತ್ರಿ ಕೊಡಲು ಮಾತ್ರ ಆಗುವುದಿಲ್ಲ.

ಸುಧಾ ನನ್ನ ಕೈ ಬಿಟ್ಟಳು.

ಹುಡುಗಿ ಕಾಲು ನೀಡಿ ಮಲಗಿದ್ದಳು, ಮಡಚಬಾರದು ಎಂದು ಹೇಳಿದ್ದರು. "ಅಜ್ಜಿ, ನಂದು ಹೋಗ್ಲಿಲ್ಲಾ?"

"ಹೋಗ್ಲಿಲ್ಲ."

"ನಿಂದು ಹೋತಲ್ಲ."

"ಹೋತು."

"ಚೀಟಿಂಗ್," ಎಂದು ಅತ್ತಳು. ಕಣ್ಣು ಒರೆಸಿದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. "ಕಾಲು ಮಡಚಬ್ಯಾಡ," ಎಂದೆ.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಹೊಸ ಮಾತ್ರೆ ಹಿಡಿದಿದೆ, ಬಿದ್ದಿಲ್ಲ. ಓಟ ಮಾತ್ರ ವರ್ಷದಲ್ಲಿ ಕೆಲವು ಸಲ ಬರುತ್ತದೆ. ಹೋದ ತಿಂಗಳು ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುತ್ತಾ, "ಅಜ್ಜಿ, ಸುರು ಆತು," ಎಂದಳು. ಮನೆಯಲ್ಲಿ ನಾವು ಮುದುಕರಿಬ್ಬರೇ. ಅವಳು ನೆಲಕ್ಕೆ ಕೂತು, ಡಾಕ್ಟರು ಕಲಿಸಿದ ಹಾಗೆ ಮೂಗು ಬಾಯಿ ಮುಚ್ಚಿ ಉಸಿರನ್ನು ಒಳಗೇ ಒತ್ತಿದಳು. ಕುತ್ತಿಗೆಯ ಚರ್ಮದ ಕೆಳಗೆ ಅದು ಓಡುತ್ತಿತ್ತು, ಬಟ್ಟೆಯೊಳಗೆ ಸಿಕ್ಕಿಬಿದ್ದ ಜೀವದ ಹಾಗೆ. ಇಷ್ಟು ವರ್ಷ ಅದನ್ನು ಒಳಗಿನಿಂದ ಬಲ್ಲ ನಾನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಅವಳ ತುಟಿ ಬೆಳ್ಳಗಾಯಿತು. ನಿಲ್ಲಲಿಲ್ಲ. ಮತ್ತೊಮ್ಮೆ ಒತ್ತಿದಳು, ನಿಲ್ಲಲಿಲ್ಲ. ನನಗೆ ದೇವರ ಹೆಸರು ಸಹ ನೆನಪಾಗಲಿಲ್ಲ.

"ನಿಂತ್ತು," ಎಂದಳು. ಎದ್ದು ನೀರು ಕುಡಿದಳು. "ತಿನ್ಲಿಕ್ಕೆ ಏನದ?"

"ಅವಲಕ್ಕಿ ಹಚ್ಚೀನಿ."

ಅವಳು ತಟ್ಟೆ ಹಿಡಿದು ಟಿವಿಯ ಮುಂದೆ ಹೋದಳು. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಇವರು ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬಂದು ಗೋಡೆ ಹಿಡಿದು ಮೆಲ್ಲಗೆ ನನ್ನ ಪಕ್ಕ ಕೂತರು.

"ಹೆದರಿದೇನು?" ಎಂದರು.

"ಹೂಂ," ಎಂದೆ.